ಕೋತಿಯ ನಗು, ನನ್ನ ನಗು

ಹೋದ ತಿಂಗಳು ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಕೋತಿಯ ಫೋಟೊ ಹಾಕಿದರು. ಕಾರಿನ ಬಾನೆಟ್ಟಿನ ಮೇಲೆ ಕೂತ ಮರಿಕೋತಿ. ತುಟಿ ಹಿಂದಕ್ಕೆ ಎಳೆದುಕೊಂಡು ಅಷ್ಟೂ ಹಲ್ಲು ತೋರಿಸುತ್ತಿತ್ತು. ಕೆಳಗೆ ‘ಸೋಮವಾರದ ನಗು’ ಎಂದು ಬರೆದಿದ್ದರು. ಹನ್ನೊಂದು ಜನ ಹೃದಯದ ಗುರುತು ಒತ್ತಿದ್ದರು. ‘ಅದು ನಗು ಅಲ್ಲ, ಅದಕ್ಕೆ ಹೆದರಿಕೆ ಆಗಿದೆ’ ಎಂದು ನಾನು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಆಮೇಲೆ ಫೋಟೊ ಹಾಕಿದವರು ನನಗಿಂತ ಎರಡು ಮೆಟ್ಟಿಲು ಮೇಲಿನವರು ಎಂದು ನೆನಪಾಗಿ, ಅದನ್ನೂ ಅಳಿಸಿ, ಹನ್ನೆರಡನೆಯ ಹೃದಯ ಒತ್ತಿ ಸುಮ್ಮನಾದೆ. ಇಂದಿರಾನಗರದ ಆ ಆಫೀಸಿನಲ್ಲಿ ನನ್ನನ್ನು ಎಲ್ಲರೂ ‘ಯಾವಾಗಲೂ ನಗುನಗುತ್ತಾ ಇರೋ ಮೇಡಂ’ ಅನ್ನುತ್ತಾರೆ. ಬೀಳ್ಕೊಡುಗೆಯ ಭಾಷಣಗಳಲ್ಲಿ, ವರ್ಷದ ಕೊನೆಯ ವರದಿಗಳಲ್ಲಿ ನನ್ನ ಬಗ್ಗೆ ಮೊದಲು ಬರುವ ಮಾತು ಅದು. ನಾನು ಯಾವತ್ತೂ ತಿದ್ದಿಲ್ಲ. ತಿದ್ದಲು ಹೋದರೆ ಅಜ್ಜಿಯ ಕಥೆ ಹೇಳಬೇಕಾಗುತ್ತದೆ, ಆ ಕಥೆಯಲ್ಲಿ ನನ್ನ ಪಾತ್ರ ಅಷ್ಟು ಚೆನ್ನಾಗಿಲ್ಲ.

ವಿಮಾನಪುರದಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಮಹಡಿ ಮನೆ. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಹಾಲಿನಿಂದ ಅಡುಗೆಮನೆಗೆ ಹೋಗುವ ಬಾಗಿಲಲ್ಲಿ ಅಜ್ಜಿಯ ಚಾಪೆ. ಜಾಗ ಇರಲಿಲ್ಲ ಅಂತಲ್ಲ, ಅವಳೇ ಆರಿಸಿಕೊಂಡಿದ್ದ ಜಾಗ ಅದು. ಅಲ್ಲಿ ಕೂತರೆ ಎಡಕ್ಕೆ ಅಪ್ಪನ ಮುಖ, ಬಲಕ್ಕೆ ಅಮ್ಮನ ಮುಖ. ಅವಳನ್ನು ದಾಟಿಕೊಂಡೇ ತಟ್ಟೆ, ಲೋಟ, ಜಗಳ ಎಲ್ಲ ಆಚೀಚೆ ಹೋಗಬೇಕು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಾಲೂರು ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬರುವ ಹೊತ್ತಿಗೇ ಮುಕ್ಕಾಲು ಹೋಗಿತ್ತು, ನನಗೆ ಬುದ್ಧಿ ಬರುವ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಆದರೆ ವಿಮಾನಪುರದಲ್ಲಿ ಕಿವುಡು ದೊಡ್ಡ ಕೊರತೆಯೇನಲ್ಲ. ದಿನಕ್ಕೆ ಹತ್ತು ಸಲ ವಿಮಾನ ತಲೆಯ ಮೇಲೆ ಹೋಗುತ್ತಿತ್ತು. ಆಗ ಇಡೀ ಕಾಲೊನಿ ಮಾತಿನ ನಡುವೆ ನಿಂತುಬಿಡುತ್ತಿತ್ತು. ಅಮ್ಮ ‘ನಿಮ್ಮ ತಮ್ಮ ಇದ್ದಾರಲ್ಲ, ಅವರು’ ಎಂದು ಬಾಯಿ ತೆರೆದವಳು ಹಾಗೇ ಸೌಟು ಹಿಡಿದು ನಿಲ್ಲುತ್ತಿದ್ದಳು. ಸದ್ದು ಕಡಿಮೆಯಾದ ಮೇಲೆ ‘ಒಂದು ಕಾಗದನಾದ್ರೂ ಹಾಕಿದ್ರಾ’ ಎಂದು ಮುಗಿಸುತ್ತಿದ್ದಳು. ನಮ್ಮ ಮನೆಯ ಜಗಳಗಳೆಲ್ಲ ಹೀಗೆ ಕಂತು ಕಂತಾಗಿ ನಡೆಯುತ್ತಿದ್ದವು. ಆ ಹೊತ್ತಿನಲ್ಲಿ ಮಾತು ನಿಲ್ಲಿಸದೆ ಇರುತ್ತಿದ್ದವರು ಅಜ್ಜಿ ಮತ್ತು ನಾನು ಮಾತ್ರ. ಅವಳು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದಳು. ನಾನು ದನಿಯೇ ತೆಗೆಯದೆ ಬಾಯಾಡಿಸುತ್ತಿದ್ದೆ.

ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುವುದು, ಅದನ್ನು ಕೋತಿಗಳಿಂದ ಕಾಯುವುದು ಅಜ್ಜಿಯ ಕೆಲಸ. ಶಾಲೆಗೆ ರಜ ಇರುತ್ತಿದ್ದುದರಿಂದ ನಾನು ಅವಳ ಕಿವಿ. ಕಾರ್ಖಾನೆಯ ಕಾಂಪೌಂಡಿನ ಮರಗಳಿಂದ ಕೋತಿಗಳ ಒಂದು ಗುಂಪು ಹತ್ತು ಗಂಟೆಯ ಸುಮಾರಿಗೆ ನೀರಿನ ಟ್ಯಾಂಕುಗಳ ಮೇಲೆ ನಡೆದುಕೊಂಡು ಬರುತ್ತಿತ್ತು, ಶಿಫ್ಟಿಗೆ ಬಂದವರ ಹಾಗೆ. ಬೇರೆ ಮನೆಯವರು ಡಬ್ಬ ಬಡಿದು, ಪಟಾಕಿ ಹೊಡೆದು ಓಡಿಸಲು ನೋಡುತ್ತಿದ್ದರು. ಅಜ್ಜಿ ಕೈಯಲ್ಲಿ ಒಂದು ಕೋಲು ಇಟ್ಟುಕೊಂಡಿದ್ದಳು, ಅದನ್ನು ಎತ್ತಿದ್ದು ನಾನು ಕಂಡಿಲ್ಲ. ಅವಳು ಮುಖ ನೋಡುತ್ತಿದ್ದಳು, ಅಷ್ಟೇ. ನನಗೂ ಕಲಿಸಿದಳು.

“ನೋಡ್ಕೊ ಕೂಸೆ. ಹುಬ್ಬು ಮ್ಯಾಕೆತ್ಕೊಂಡು ಒಂದೇ ಸಮ್ನೆ ನೋಡ್ತದಾ, ನೀನು ಬ್ಯಾರೆ ಕಡೆ ನೋಡು. ಬಾಯಿ ಗುಂಡಗೆ ತೆಕ್ಕೊಂಡು ನೋಡ್ತದಾ, ಎದ್ದು ಹಿಂದಕ್ಕೆ ಬಾ. ತುಟಿ ಪಟಪಟ ಅಂತ ಬಡೀತದಾ, ಹಂಗಂದ್ರೆ ಬಾ ಕೂತ್ಕೊ, ಏನೂ ಮಾಡಲ್ಲ ಅಂತ.”

“ಹಲ್ಲು ಬಿಟ್ರೆ?”

“ಹಲ್ಲು ಬಿಟ್ರೆ ಅದ್ಕೆ ಭಯ. ಹೊಡೀಬ್ಯಾಡಪ್ಪ, ನೀನೇ ದೊಡ್ಡೋನು ಅಂತ ಕೇಳ್ಕೊಂತಾ ಅದೆ.”

“ನಗ್ತಿರೋ ಹಂಗೆ ಕಾಣತ್ತಲ್ಲ ಅಜ್ಜಿ.”

“ಕಾಣ್ತದೆ. ನೀನು ಬೈಸ್ಕೊಳ್ಳುವಾಗ ಹೆಂಗೆ ಕಾಣ್ತೀಯೋ ಹಂಗೇ.”

ಇದು ನನ್ನ ಹಳೆಯ ಕಾಯಿಲೆ. ಬೈಗುಳ ಶುರುವಾದ ಕೂಡಲೇ ನನ್ನ ಬಾಯಿ ತಾನಾಗಿ ಅಗಲವಾಗಿ ಹಲ್ಲೆಲ್ಲ ಹೊರಗೆ ಬರುತ್ತಿತ್ತು. ಒಳಗೆ ಹೆದರಿಕೆ, ಹೊರಗೆ ಟೂತ್‌ಪೇಸ್ಟ್ ಜಾಹೀರಾತು. ಲೋಟ ಒಡೆದದ್ದಕ್ಕೆ ಒಂದು ಏಟು, ನಕ್ಕಿದ್ದಕ್ಕೆ ಎರಡು ಎಂಬುದು ನಮ್ಮ ಮನೆಯ ಲೆಕ್ಕ. ‘ಹೆಣ್ಣು ಹುಡುಗಿ ಹಂಗೆಲ್ಲ ಹಲ್ಲು ಕಿಸೀಬಾರ್ದು’ ಎಂದು ಅಮ್ಮ. ‘ಇವಳಿಗೆ ಮರ್ಯಾದೆನೇ ಇಲ್ಲ’ ಎಂದು ಅಪ್ಪ. ನಾನು ತುಟಿ ಮುಚ್ಚಲು ಎಷ್ಟು ಪ್ರಯತ್ನಪಟ್ಟರೂ ಅವು ಯಾರದೋ ತುಟಿಗಳಂತೆ ಮತ್ತೆ ಅಗಲವಾಗುತ್ತಿದ್ದವು. ಅದು ನಗುವಲ್ಲ ಎಂದು ಜಗತ್ತಿನಲ್ಲಿ ತಿಳಿದಿದ್ದವಳು ಅಜ್ಜಿ ಒಬ್ಬಳೇ. ಒಮ್ಮೆ ಅಪ್ಪನ ಸೂಪರ್ವೈಸರ್ ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ಅವರು ಹೇಳಿದ ಪ್ರತಿ ಮಾತಿಗೂ ಅಪ್ಪ ಕುರ್ಚಿಯ ತುದಿಯಲ್ಲಿ ಕೂತು ಬಾಯಿ ತುಂಬ ನಗುತ್ತಿದ್ದರು. ಅಜ್ಜಿ ಚಾಪೆಯಿಂದಲೇ ನನ್ನ ಮೊಣಕೈ ತಿವಿದು, ಕಣ್ಣಿನಲ್ಲೇ ಅಪ್ಪನನ್ನು ತೋರಿಸಿದಳು. ಇಬ್ಬರೂ ಅಡುಗೆಮನೆಗೆ ಓಡಿಹೋಗಿ ಅವಳ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದು, ಅದು ನಿಜವಾದ ನಗು.

ಕಾಯಿಲೆ, ಕಿವುಡು ಎಂದು ಅಮ್ಮ ದೂರುವವಳಲ್ಲ. ಆದರೆ ಆ ವರ್ಷ ಅವಳು ಬಾಣಸವಾಡಿಯ ದಾರಿಯಲ್ಲಿದ್ದ ಒಂದು ಹೊಲಿಗೆ ಕಾರ್ಖಾನೆಗೆ ಕೆಲಸಕ್ಕೆ ಹೋಗಲು ಶುರುಮಾಡಿದ್ದಳು, ಮನೆ ಅಜ್ಜಿಯ ಮೇಲೆ ಬಿದ್ದಿತ್ತು. ಕುಕ್ಕರು ಕೂಗಿದ್ದು ಅಜ್ಜಿಗೆ ಕೇಳಿಸದೆ ಒಂದು ಸಲ ಬೇಳೆ ಸೀದು ಅಡುಗೆಮನೆ ತುಂಬ ಹೊಗೆಯಾಯಿತು. ಗ್ಯಾಸಿನವನು ಬಾಗಿಲು ತಟ್ಟಿ ತಟ್ಟಿ ವಾಪಸು ಹೋದ. ಅಜ್ಜಿಯನ್ನು ಬಾಣಸವಾಡಿಯ ಚಿಕ್ಕಪ್ಪನ ಮನೆಗೆ ಕಳಿಸುವ ಮಾತು ಆಗಲೇ ಒಂದು ಸಲ ಬಂದು ಹೋಗಿತ್ತು. ಅಜ್ಜಿಗೆ ಆ ಮನೆ ಬೇಡವಾಗಿತ್ತು. ಚಿಕ್ಕಪ್ಪ ಚಿಕ್ಕಮ್ಮ ಕೆಟ್ಟವರು ಅಂತಲ್ಲ. ಇಬ್ಬರೂ ಬೆಳಗ್ಗೆ ಹೋದರೆ ಸಂಜೆಯೇ ಬರುತ್ತಿದ್ದರು, ಮಕ್ಕಳಿರಲಿಲ್ಲ, ಕಿಟಕಿ ತೆಗೆದರೆ ಎದುರುಮನೆಯ ಕಾಂಪೌಂಡು ಗೋಡೆ. ‘ಅಲ್ಲಿ ಒಂದು ಮೊಖ ಇಲ್ಲ ಕಣೆ ನೋಡಕ್ಕೆ’ ಅನ್ನುತ್ತಿದ್ದಳು. ಆಗ ಅಪ್ಪ ನಾಲ್ಕು ಸಲ ಆಸ್ಪತ್ರೆಗೆ ಅಲೆದು, ಯಾರ್ಯಾರದೋ ಸಹಿ ಹಾಕಿಸಿ ಅಜ್ಜಿಗೆ ಕಿವಿ ಮಿಷಿನ್ನು ತಂದುಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಅದನ್ನು ಹಾಕಿಕೊಂಡ ಮೊದಲ ದಿನ ಕುಕ್ಕರು ಕೂಗಿದಾಗ ಅಜ್ಜಿ ಎದ್ದು ಹೋಗಿ ಒಲೆ ಆರಿಸಿದಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಸರಿ ಹಾಗಾದರೆ, ಇಲ್ಲೇ ಇರಲಿ, ಎಂದಳು. ಆ ಮಿಷಿನ್ನು ಅಜ್ಜಿಗೆ ನಮ್ಮ ಮನೆಯಲ್ಲಿ ಇರಲು ಸಿಕ್ಕ ಪರ್ಮಿಟ್ಟು. ಇದು ನನಗೆ ಆಗಲೇ ಗೊತ್ತಿತ್ತು. ಚಿಕ್ಕವಳು, ತಿಳಿಯಲಿಲ್ಲ ಎಂದು ಈಗ ಹೇಳಿಕೊಳ್ಳುವ ಹಾಗಿಲ್ಲ.

ಒಂದೇ ತೊಂದರೆ ಏನೆಂದರೆ, ವಿಮಾನ ಹೋಗುವಾಗ ಆ ಮಿಷಿನ್ನು ಅಜ್ಜಿಯ ತಲೆಯೊಳಗೆ ಕಿರುಚುತ್ತಿತ್ತು. ಅದಕ್ಕೆ ಬೆಳಗಿನ ಹೊತ್ತು, ವಿಮಾನಗಳ ಓಡಾಟ ಜಾಸ್ತಿ ಇರುವಾಗ, ಮತ್ತೆ ಮಧ್ಯಾಹ್ನ ತೂಕಡಿಸುವಾಗ, ತೆಗೆದು ಒಂದು ತಗಡಿನ ಬಿಸ್ಕೆಟ್ ಡಬ್ಬದಲ್ಲಿ ಹತ್ತಿ ಹಾಸಿ ಅಡುಗೆಮನೆಯಲ್ಲಿ ಇಡುತ್ತಿದ್ದಳು. ಡಬ್ಬ ಮೊದಲು ನನ್ನದಾಗಿತ್ತು. ಅದರಲ್ಲಿದ್ದ ಬಿಸ್ಕೆಟ್ಟುಗಳನ್ನು ಖಾಲಿ ಮಾಡಿದ್ದು ನಾನು ಮತ್ತು ಒಂದು ಹೆಣ್ಣುಕೋತಿ. ಅದರ ಎಡಗಿವಿ ಸ್ವಲ್ಪ ಸೀಳಿತ್ತು. ಗುಂಪಿನಲ್ಲಿ ಅದಕ್ಕೆ ಮರ್ಯಾದೆ ಇರಲಿಲ್ಲ. ಉಳಿದವು ಬಂದರೆ ಹಲ್ಲು ಬಿಟ್ಟು ಪಕ್ಕಕ್ಕೆ ಸರಿದು ಜಾಗ ಕೊಡುತ್ತಿತ್ತು, ಅದಕ್ಕೇ ಅದರ ಮೇಲೆ ನನಗೆ ಅಭಿಮಾನ. ಮಧ್ಯಾಹ್ನ ಅಜ್ಜಿ ತೂಕಡಿಸುವಾಗ ನಾನು ತಾರಸಿ ಬಾಗಿಲ ಚಿಲಕ ತೆಗೆದು, ಮೆಟ್ಟಿಲ ಮೇಲೆ ಕೂತು, ತುಟಿ ಪಟಪಟ ಬಡಿಯುತ್ತಿದ್ದೆ. ಮೊದಲ ದಿನ ಅದು ಟ್ಯಾಂಕಿನ ಮೇಲಿಂದಲೇ ನೋಡಿತು. ನಾಲ್ಕನೆಯ ದಿನ ಬಾಗಿಲಿಗೆ ಬಂದು ತಾನೂ ತುಟಿ ಬಡಿಯಿತು. ನನ್ನ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಆಮೇಲೆ ಯಾರ ಪ್ರೀತಿಯ ಮಾತಿಗೂ ಹಾಗೆ ಹೊಡೆದುಕೊಂಡಿಲ್ಲ, ನನ್ನ ಗಂಡ ಕ್ಷಮಿಸಲಿ. ನಾನು ಡಬ್ಬದ ಮುಚ್ಚಳ ತೆಗೆದು ಒಂದು ಬಿಸ್ಕೆಟ್ಟು ಕೊಟ್ಟೆ. ಮುಚ್ಚಳದ ಸದ್ದು, ಬಿಸ್ಕೆಟ್ಟು. ಮುಚ್ಚಳದ ಸದ್ದು, ಬಿಸ್ಕೆಟ್ಟು. ಹತ್ತು ಹನ್ನೆರಡು ದಿನ ಹೀಗೆ ಅದಕ್ಕೆ ಆ ಡಬ್ಬದ ಪಾಠ ಮಾಡಿದೆ. ಡಬ್ಬ ಖಾಲಿಯಾಗಿ ಅಜ್ಜಿಯ ಕೈಗೆ ಹೋಯಿತು. ಅದು ಕೋತಿಗೆ ಹೇಗೆ ಗೊತ್ತಾಗಬೇಕು?

ಆ ದಿನ ಮಧ್ಯಾಹ್ನ, ಅಜ್ಜಿ ತೂಕಡಿಸುತ್ತಿದ್ದಾಗ, ನಾನು ಚಪಾತಿಯ ತುಂಡು ಹಿಡಿದು ಚಿಲಕ ತೆಗೆದಿದ್ದೆ. ಕೆಳಗಿನ ಮನೆಯ ಹುಡುಗಿಯರು ಕುಂಟೆಬಿಲ್ಲೆಗೆ ಕರೆದರು, ಓಡಿಬಿಟ್ಟೆ. ಬಾಗಿಲು ಎಳೆದುಕೊಂಡೆ ಅನ್ನಿಸಿತು, ಚಿಲಕ ಹಾಕಲಿಲ್ಲ. ಹತ್ತು ನಿಮಿಷದಲ್ಲಿ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಅಂಗಳದವರೆಗೆ ಕೇಳಿಸಿತು. ತಲೆ ಎತ್ತಿದರೆ, ಸೀಳುಗಿವಿಯ ಕೋತಿ ಡಬ್ಬವನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ನೀರಿನ ಟ್ಯಾಂಕಿನ ಮೇಲೆ ಕೂತಿತ್ತು. ಮುಚ್ಚಳ ತೆಗೆಯಿತು. ಹತ್ತಿ ಎಸೆಯಿತು. ವೈರು ಕಚ್ಚಿ ನೋಡಿತು. ಆ ಪುಟ್ಟ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಕೈಬಿಟ್ಟಿತು. ಎರಡು ಮಹಡಿ ಎತ್ತರದಿಂದ ಅದು ನನ್ನ ಕುಂಟೆಬಿಲ್ಲೆಯ ಮನೆಯೊಳಗೇ ಬಂದು ಬಿದ್ದು ಹೋಳಾಯಿತು.

ಸಂಜೆ ಅಪ್ಪ ಶಿಫ್ಟು ಮುಗಿಸಿ ಬಂದು, ಹೋಳುಗಳನ್ನು ಪೇಪರಿನ ಮೇಲೆ ಹರಡಿ ತುಂಬ ಹೊತ್ತು ನೋಡಿದರು. ಕಾರ್ಖಾನೆಯಲ್ಲಿ ಎಷ್ಟೋ ಯಂತ್ರಗಳನ್ನು ರಿಪೇರಿ ಮಾಡಿದ ಕೈ, ಒಂದು ಹೋಳನ್ನು ಎತ್ತಿ ಮತ್ತೆ ಇಟ್ಟಿತು.

“ಮೇಲ್ಗಡೆ ಚಿಲಕ ಯಾರು ತೆಗ್ದಿದ್ದು?”

ಅಪ್ಪ ಅಮ್ಮನನ್ನು ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

“ಸುಮಿ, ನೀನು ಏನಾದ್ರೂ ಹೋಗಿದ್ಯಾ ಮೇಲೆ?”

ನನ್ನ ತುಟಿಗಳು ಹೊರಟವು. ಒಂದೊಂದೇ ಹಲ್ಲು ಗಾಳಿಗೆ ಬರುವುದು ನನಗೆ ಗೊತ್ತಾಗುತ್ತಿತ್ತು.

“ನೋಡು, ನೋಡು. ಅಷ್ಟು ಕಷ್ಟಪಟ್ಟು ತಂದಿದ್ದು ಪುಡಿಯಾಗಿ ಬಿದ್ದಿದೆ, ಇವಳಿಗೆ ನಗು.”

ಅಪ್ಪ ಕೈ ಎತ್ತಿದರು. ಅಜ್ಜಿ ಚಾಪೆಯ ಮೇಲಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅಪ್ಪ ಕೇಳಿದ್ದು ಅವಳಿಗೆ ಕೇಳಿಸಿರಲಿಲ್ಲ, ಆದರೆ ಕಾಣಿಸಿತ್ತು. ನನ್ನ ಉತ್ತರ ಅದಕ್ಕಿಂತ ಚೆನ್ನಾಗಿ ಕಾಣಿಸಿತ್ತು.

“ಅವಳ್ಯಾಕೆ ತೆಗೀತಾಳೆ. ನಾನೇ ಕಣಪ್ಪ. ಸಂಡಿಗೆ ಮಗುಚಿ ಹಾಕಕ್ಕೆ ಹೋಗಿದ್ದೆ, ಬರ್ತಾ ಚಿಲಕ ಮರ್ತುಬಿಟ್ಟೆ.”

ಆ ದಿನ ಸಂಡಿಗೆಯೇ ಇಟ್ಟಿರಲಿಲ್ಲ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತೇನೋ, ಅವಳು ನನ್ನನ್ನು ಒಂದು ಗಳಿಗೆ ನೋಡಿ, ಆಮೇಲೆ ಅಕ್ಕಿ ಆರಿಸುವ ಮೊರದ ಕಡೆ ತಿರುಗಿದಳು. ಅಪ್ಪನ ಎತ್ತಿದ ಕೈ ಕೆಳಗೆ ಬಂತು. ನನಗೆ ಎಷ್ಟು ಹಾಯೆನ್ನಿಸಿತು ಎಂಬುದನ್ನು ಬರೆಯಲೇಬೇಕು. ಏಟು ತಪ್ಪಿದ ಖುಷಿಯಲ್ಲಿ ಆ ಸಂಜೆ ಒಂದು ಮುದ್ದೆ ಜಾಸ್ತಿ ತಿಂದೆ.

ಬಾಗಿಲು ಮರೆಯುವ ಮುದುಕಿ, ಕುಕ್ಕರು ಕೇಳಿಸದ ಮುದುಕಿ, ಇನ್ನೊಂದು ಮಿಷಿನ್ನು ಸದ್ಯಕ್ಕೆ ಸಿಗುವುದಿಲ್ಲ. ಮಾತು ಮತ್ತೆ ಬಾಣಸವಾಡಿಗೆ ಹೋಯಿತು. ಒಂದು ವಾರ ಆ ಚರ್ಚೆ ನಡೆಯಿತು. ಅಜ್ಜಿ ತುಟಿ ಓದುತ್ತಾಳೆ ಎಂದು ಅಪ್ಪ ಅಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಮಾತಾಡುತ್ತಿದ್ದರು. ಇಬ್ಬರು ದೊಡ್ಡವರು ಅಕ್ಕಪಕ್ಕ ನಿಂತು ಕ್ಯಾಲೆಂಡರಿಗೆ ಹೇಳುತ್ತಿದ್ದರು.

“ನಂಗೇನು ಬೇಜಾರಿಲ್ಲ ರೀ. ಬಿದ್ದುಗಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಜವಾಬ್ದಾರಿ?”

“ಇಷ್ಟು ದಿನ ಬಾಗಿಲು ಮರೆತೋಳಲ್ಲ ಅವಳು. ಈಗ ಅದೂ ಶುರುವಾಯ್ತು ಅಂದ್ರೆ.”

“ಅದೇ ನಾನೂ ಹೇಳ್ತಿರೋದು.”

ವಿಮಾನ ಬಂದರೆ ಸುಮ್ಮನಾಗಿ, ಹೋದ ಮೇಲೆ ಮುಂದುವರಿಸುತ್ತಿದ್ದರು. ಅವರ ಬೆನ್ನುಗಳನ್ನು ನೋಡುತ್ತಾ ಅಜ್ಜಿ ಚಾಪೆಯ ಮೇಲೆ ಕೂತಿರುತ್ತಿದ್ದಳು. ಬೆನ್ನು ತಿರುಗಿಸಿದ್ದೇ ಸಾಕಾಗಿತ್ತು ಅವಳಿಗೆ, ಏನು ಮಾತು ಎಂದು ತಿಳಿಯಲು. ನಾನು ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ‘ಮರೆತದ್ದು ಅಜ್ಜಿಯಲ್ಲ, ನಾನು’ ಎಂಬ ಮೂರು ಪದ. ಸೋಮವಾರ ಅಪ್ಪನ ಮುಖ ಸರಿ ಇಲ್ಲ, ನಾಳೆ ಹೇಳೋಣ ಅಂದುಕೊಂಡೆ. ಮಂಗಳವಾರ ಅಮ್ಮನಿಗೆ ತಲೆನೋವು. ಬುಧವಾರ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎಂಬ ಹೊಸ ಭಯ. ಗುರುವಾರದ ಹೊತ್ತಿಗೆ ತಪ್ಪಿಗಿಂತ ತಡವೇ ದೊಡ್ಡದಾಗಿತ್ತು. ಈಗಲೂ ನಾನು ಎಲ್ಲ ಕೆಲಸವನ್ನೂ ಇದೇ ಕ್ರಮದಲ್ಲಿ ಹಾಳು ಮಾಡುತ್ತೇನೆ.

ಆ ವಾರದ ನಡುವೆ ಒಂದು ಮಧ್ಯಾಹ್ನ ತಾರಸಿಯಲ್ಲಿ ಒಬ್ಬಳೇ ಬಟ್ಟೆ ತೆಗೆಯುತ್ತಿದ್ದೆ. ಸೀಳುಗಿವಿಯದು ಬಂತು. ಗೋಡೆಯ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ, ತುಟಿ ಪಟಪಟ ಬಡಿಯಿತು. ಬಾ ಕೂತ್ಕೊ, ಏನೂ ಮಾಡಲ್ಲ. ನಾನು ಹುಬ್ಬು ಮೇಲೆತ್ತಿದೆ. ಬಾಯಿ ಗುಂಡಗೆ ತೆರೆದೆ. ಅಜ್ಜಿ ಕಲಿಸಿದ ಹಾಗೆಯೇ ರೆಪ್ಪೆ ಬಡಿಯದೆ ನೋಡುತ್ತಾ ಒಂದು ಹೆಜ್ಜೆ ಮುಂದೆ ಇಟ್ಟೆ. ಅದರ ತುಟಿ ನಿಂತಿತು. ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಹಲ್ಲೆಲ್ಲ ಹೊರಗೆ ಬಂದವು. ಹೊಡೀಬ್ಯಾಡಪ್ಪ, ನೀನೇ ದೊಡ್ಡೋನು. ಯಾರಾದರೂ ನನಗೆ ಹೆದರಿದ್ದು ಅದೇ ಮೊದಲು. ಅದು ನನಗೆ ಇಷ್ಟವಾಯಿತು. ಕಲ್ಲು ಇದ್ದಿದ್ದರೆ ಎಸೆಯುತ್ತಿದ್ದೆ. ಕಲ್ಲು ಇರಲಿಲ್ಲ, ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಎಸೆದೆ. ಆ ಕೋತಿ ಮತ್ತೆ ನಮ್ಮ ತಾರಸಿಗೆ ಬರಲಿಲ್ಲ.

ಭಾನುವಾರ ಚಿಕ್ಕಪ್ಪ ಆಟೊ ತಂದರು. ಅಜ್ಜಿಯದು ಒಂದು ಟ್ರಂಕು, ಒಂದು ಚಾಪೆ. ಮೆಟ್ಟಿಲಿಳಿಯುವಾಗ ಅಪ್ಪ ಕೈ ಹಿಡಿದುಕೊಂಡರು, ಅಮ್ಮ ಕಣ್ಣೊರೆಸಿಕೊಂಡಳು, ನಾನು ಆಟೊದೊಳಗೆ ನೀರಿನ ಬಾಟ್ಲಿ ಇಟ್ಟೆ. ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕಾದಳು. ಅವಳು ಕಾಯುತ್ತಿದ್ದಳೆಂದು ಈಗ ನನಗೆ ಖಂಡಿತವಾಗಿ ಗೊತ್ತು. ಆಗ ನಾನು ಅವಳ ಭುಜದ ಹಿಂದೆ ಆಟೊದ ಮೀಟರು ನೋಡುತ್ತಿದ್ದೆ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಅಪ್ಪ ನನ್ನನ್ನು ಬಾಣಸವಾಡಿಗೆ ಕರೆದುಕೊಂಡು ಹೋದರು. ಬಸ್ಸಿನಲ್ಲಿ ನಿರ್ಧಾರ ಮಾಡಿದ್ದೆ, ಈ ದಿನ ಹೇಳಿಯೇ ಹೇಳುತ್ತೇನೆ, ಅಪ್ಪನಿಗೆ ಅಲ್ಲದಿದ್ದರೂ ಅಜ್ಜಿಗೆ. ಅವಳು ಮುಂದಿನ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎದುರಿನ ಕಾಂಪೌಂಡು ಗೋಡೆ ನೋಡುತ್ತಾ ಕೂತಿದ್ದಳು. ಮೊದಲಿಗಿಂತ ಸಣ್ಣಗಾಗಿದ್ದಳು. ಅಪ್ಪ ಚಿಕ್ಕಪ್ಪ ಹಾಲಿನಲ್ಲಿ ಪೇಪರು ಹಂಚಿಕೊಂಡು ಓದುತ್ತಿದ್ದರು, ಬಾಗಿಲು ತೆರೆದೇ ಇತ್ತು. ಅವಳ ಕಾಲಬಳಿ ಕೂತೆ. ಒಳಗಿನವರಿಗೆ ಕೇಳಿಸದ ಹಾಗೆ ಕ್ಷಮೆ ಕೇಳಿಬಿಡಬಹುದು ಎಂಬುದು ನನ್ನ ಉಪಾಯ. ದನಿ ತೆಗೆಯದೆ, ತುಟಿಯಲ್ಲಿ ಮಾತ್ರ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಚಿಲಕ ತೆಗೆದಿದ್ದು ನಾನು. ಅಜ್ಜಿ ಪೂರ್ತಿ ಓದಿದಳು. ಕಣ್ಣು ಕದಲಿಸಲಿಲ್ಲ.

“ಬರೀ ಬಾಯಿ ಆಡಿಸ್ಬ್ಯಾಡ,” ಎಂದಳು, ತನ್ನ ದನಿ ತನಗೇ ಕೇಳಿಸದವರ ದೊಡ್ಡ ಗಂಟಲಲ್ಲಿ. “ಜೋರಾಗಿ ಹೇಳು. ಒಳಗೆ ನಿಮ್ಮಪ್ಪ ಅವ್ನೆ.”

ಹಾಲಿನಲ್ಲಿ ಪೇಪರು ಕೆಳಗಿಳಿಯಿತು.

“ಏನಂತೆ ಸುಮಿ?” ಅಪ್ಪ ಕೇಳಿದರು. “ಏನ್ ಹೇಳ್ಬೇಕಂತೆ?”

ನಾನು ಅಜ್ಜಿಯ ಕಿವಿಗೆ ಬಾಯಿಟ್ಟು, ಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ ಕೂಗಿದೆ.

“ಊಟ ಆಯ್ತಾ ಅಂತ ಕೇಳ್ದೆ ಅಜ್ಜಿ.”

ಅಪ್ಪ ಪೇಪರು ಮತ್ತೆ ಮೇಲೆತ್ತಿಕೊಂಡರು. ಅಜ್ಜಿ ನನ್ನ ಮುಖ ನೋಡಿದಳು. ಅವಳಿಗೆ ಏನು ಕಂಡಿತೋ, ಗೋಡೆಯ ಕಡೆ ತಿರುಗಿದಳು.

“ಆಯ್ತು ಕೂಸೆ,” ಎಂದಳು, ಒಳಗಿನವರಿಗೆ ಕೇಳಿಸುವ ಹಾಗೆ.

ಆಗ ಬೆಳಗಿನ ಹತ್ತೂವರೆ. ಅಡುಗೆಮನೆಯಲ್ಲಿ ಚಿಕ್ಕಮ್ಮ ಇನ್ನೂ ಅಕ್ಕಿ ತೊಳೆಯುತ್ತಿದ್ದರು.